ಆಷಾಢದಲ್ಲಿ ಮಾಡಿಕೊಳ್ಳಿ ಕ್ಯಾಮೆರಾ ಫರ್ಮ್‌ವೇರ್ ಅಪ್‌ಡೇಟ್

ದಾವಣಗೆರೆಯಲ್ಲಿ ಮದುವೆ ಫೋಟೊ ತೆಗೆಯುವವರಿಗೆ ಆಷಾಢ ಅಂದರೆ ಕೈ ಖಾಲಿ ಇರುವ ತಿಂಗಳು. ಸೀಸನ್ ಪೂರ್ತಿ ಊರೂರು ಸುತ್ತಿದ ಬಾಡಿಗಳೆಲ್ಲ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾವನ್ನು ನಾವು ಬಾಡಿ ಅನ್ನುತ್ತೇವೆ) ವಾಪಸ್ ಬಂದು ನನ್ನ ಅಂಗಡಿಯ ಕಪಾಟಿನಲ್ಲಿ ಕೂತಿರುತ್ತವೆ. ನಾನು ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್ ಬಾಡಿಗೆಗೆ ಕೊಡುತ್ತೇನೆ. ಹರಿಹರ, ಹೊನ್ನಾಳಿ, ಜಗಳೂರಿನಿಂದ ಹುಡುಗರು ಬರುತ್ತಾರೆ, ಹೊಳಲ್ಕೆರೆ ಕಡೆಯಿಂದಲೂ ಬರುತ್ತಾರೆ. ಸೆನ್ಸರ್ ಕ್ಲೀನ್ ಮಾಡುವುದು, ಕಾರ್ಡ್ ಸ್ಲಾಟ್‌ನ ಧೂಳು ತೆಗೆಯುವುದು, ಸಡಿಲವಾದ ಬೆಲ್ಟ್ ಬದಲಿಸುವುದು, ಇವುಗಳ ಜೊತೆಗೆ ಪ್ರತಿ ಬಾಡಿಯ ಫರ್ಮ್‌ವೇರ್ ನೋಡುವುದೂ ನನಗೆ ಈ ತಿಂಗಳ ಕೆಲಸ. ನಿಮ್ಮ ಕ್ಯಾಮೆರಾಕ್ಕೂ ಇದೇ ಸರಿಯಾದ ಹೊತ್ತು.

ಫರ್ಮ್‌ವೇರ್ ಅಂದರೆ ಕ್ಯಾಮೆರಾದ ಒಳಗೇ ಇರುವ ಸಾಫ್ಟ್‌ವೇರ್. ಫೋಕಸ್, ಮೆನು, ಕಾರ್ಡಿಗೆ ಫೋಟೊ ಬರೆಯುವುದು, ಫ್ಲ್ಯಾಶ್ ಜೊತೆ ಮಾತಾಡುವುದು, ಎಲ್ಲವನ್ನೂ ನಡೆಸುವುದು ಅದೇ. ಕಂಪನಿಯವರು ಆಗಾಗ ಅದನ್ನು ತಿದ್ದಿ ಹೊಸದು ಕೊಡುತ್ತಾರೆ. ದುಡ್ಡು ಕೊಡಬೇಕಿಲ್ಲ.

ಹಾಕಲೇಬೇಕಾ ಅಂತ ಕೇಳುತ್ತಾರೆ. ನನ್ನ ಉತ್ತರ ಒಂದೇ: ಏನು ಬದಲಾಗಿದೆ ಅಂತ ಮೊದಲು ಓದಿ. ಡೌನ್‌ಲೋಡ್ ಪುಟದಲ್ಲೇ ಅದನ್ನು ಬರೆದಿರುತ್ತಾರೆ. ಕೆಲವು ಅಪ್‌ಡೇಟ್‌ಗಳು ಕ್ಯಾಮೆರಾವನ್ನೇ ಬೇರೆ ಮಾಡಿಬಿಡುತ್ತವೆ. ನಿಕಾನ್ ಝಡ್6 ಬಂದಾಗ ಅದರಲ್ಲಿ ಕಣ್ಣಿನ ಫೋಕಸ್ ಇರಲಿಲ್ಲ. 2019ರ ಮೇ ತಿಂಗಳಲ್ಲಿ ಬಂದ 2.00 ಫರ್ಮ್‌ವೇರ್ ಅದನ್ನು ಕೊಟ್ಟಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಸೋನಿ ಎ7 ಮಾರ್ಕ್ 3ಕ್ಕೆ 3.0 ಬಂತು, ಪ್ರಾಣಿಗಳ ಕಣ್ಣು ಹಿಡಿಯುವ ಫೋಕಸ್ ಮತ್ತು ಇಂಟರ್ವಲ್ ಶೂಟಿಂಗ್ (ಇಷ್ಟಿಷ್ಟು ಹೊತ್ತಿಗೆ ತಾನೇ ಫೋಟೊ ತೆಗೆಯುವುದು) ಸಿಕ್ಕಿತು. ಹೊಸ ಕ್ಯಾಮೆರಾಕ್ಕೆ ದುಡ್ಡು ಸುರಿಯುವ ಮೊದಲು ಇರುವ ಕ್ಯಾಮೆರಾಕ್ಕೆ ಇಂಥದ್ದೇನಾದರೂ ಬಂದಿದೆಯಾ ಅಂತ ನೋಡಿ.

ಇನ್ನು ಕೆಲವು ಭದ್ರತೆಗಾಗಿ ಬರುತ್ತವೆ. 2019ರ ಆಗಸ್ಟ್‌ನಲ್ಲಿ ಚೆಕ್ ಪಾಯಿಂಟ್ ಎಂಬ ಸಂಸ್ಥೆಯ ಸಂಶೋಧಕರು ಕ್ಯಾನನ್ 80ಡಿ ಕ್ಯಾಮೆರಾಕ್ಕೆ ವೈಫೈ ಮೂಲಕ ನುಗ್ಗಿ, ಕಾರ್ಡಿನಲ್ಲಿದ್ದ ಫೋಟೊಗಳಿಗೆ ಬೀಗ ಹಾಕಿ ತೋರಿಸಿದರು. ಕ್ಯಾನನ್ ಅದಕ್ಕೆ ಫರ್ಮ್‌ವೇರ್ ಕೊಟ್ಟಿತು. ಮಂಟಪದಲ್ಲಿ ಕ್ಯಾಮೆರಾದ ವೈಫೈ ಆನ್ ಮಾಡಿಕೊಂಡು ಕೂರುವವರು ಇಂಥ ಅಪ್‌ಡೇಟ್ ಬಿಡಬೇಡಿ.

ಆದರೆ ನೀವು ಯಾವತ್ತೂ ಬಳಸದ ಒಂದು ಭಾಷೆಯ ಮೆನು ತಿದ್ದಿದ್ದಾರೆ ಅಂತಿದ್ದರೆ ಅವಸರ ಬೇಡ. ಇವತ್ತೇ ಬಂದ ಅಪ್‌ಡೇಟ್ ಆದರೂ ಕೆಲವು ವಾರ ಬಿಟ್ಟು ಹಾಕಿ. ಕಂಪನಿಗಳು ತೊಂದರೆ ಕಂಡು ಫರ್ಮ್‌ವೇರ್ ವಾಪಸ್ ತೆಗೆದುಕೊಂಡದ್ದೂ ಉಂಟು. ಹೆಚ್ಚಿನ ಬಾಡಿಗಳಲ್ಲಿ ಒಮ್ಮೆ ಹೊಸದು ಹಾಕಿದ ಮೇಲೆ ಹಳೆಯದಕ್ಕೆ ಹೋಗುವುದು ಸುಲಭವಲ್ಲ. ಮೆನು ಬರೀ ಜಪಾನಿ ಭಾಷೆಯಲ್ಲಿರುವ ಜಪಾನ್ ಬಾಡಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದವರು, ಫರ್ಮ್‌ವೇರ್ ಹಾಕಿದರೆ ಮೆನುಗೆ ಇಂಗ್ಲಿಷ್ ಬರುತ್ತಾ ಅಂತ ಕೇಳುತ್ತಾರೆ. ಬರುವುದಿಲ್ಲ. ಅದಕ್ಕೋಸ್ಕರ ಸುಮ್ನೆ ಹಾಕಬೇಡಿ.

ಯಾವಾಗ ಹಾಕಬಾರದು ಅನ್ನುವುದು ಇನ್ನೂ ಮುಖ್ಯ. ಜಗಳೂರಿನ ಒಬ್ಬ ಹುಡುಗ ಮದುವೆಯ ಹಿಂದಿನ ರಾತ್ರಿ ಫೋನ್ ಮಾಡಿದ. "ಅಕ್ಕಾ, ಆ್ಯಪ್‌ನಲ್ಲಿ ಅಪ್‌ಡೇಟ್ ಬಂದೈತಿ ಅಂತ ತೋರಿಸ್ತೈತಿ, ಮಾಡ್ಲೇನು?" ಅಂದ. "ಬ್ಯಾಡಪ್ಪ, ಮುಟ್ಟಬ್ಯಾಡ. ನಾಳೆ ಧಾರೆ ಮುಗಿಸ್ಕೊಂಡು ಬಾ, ಅಂಗಡಿಯಲ್ಲಿ ಕೂತು ಮಾಡೋಣ" ಅಂದೆ. ಧಾರೆ ಇನ್ನೊಮ್ಮೆ ನಡೆಯುವುದಿಲ್ಲ, ಅಲ್ವಾ? ಕೆಲಸದ ಹಿಂದಿನ ದಿನ, ಕೆಲಸದ ದಿನ, ಎರಡು ಕಾರ್ಯಕ್ರಮಗಳ ನಡುವಿನ ಬಿಡುವು, ಈ ಮೂರೂ ಹೊತ್ತು ಫರ್ಮ್‌ವೇರ್‌ಗೆ ಸಲ್ಲ. ಹಾಕಿದ ಮೇಲೆ ಪರೀಕ್ಷೆ ಮಾಡಲು ಕನಿಷ್ಠ ಒಂದು ವಾರ ಕೈಯಲ್ಲಿರಲಿ.

ಈಗ ತಯಾರಿ. ಮೊದಲು ಬ್ಯಾಟರಿ. ನಡುವೆ ಕ್ಯಾಮೆರಾ ಆಫ್ ಆದರೆ ಹಳೆಯದು ಅಳಿಸಿಹೋಗಿ ಹೊಸದು ಪೂರ್ತಿ ಬರೆಯದೆ ಬಾಡಿ ಡೆಡ್ ಆಗಬಹುದು. ಅದಕ್ಕೇ ಕಂಪನಿಯ ಒರಿಜಿನಲ್ ಬ್ಯಾಟರಿಯನ್ನೇ ಹಾಕಿ, ಪೂರ್ತಿ ಚಾರ್ಜ್ ಮಾಡಿ ಹಾಕಿ. ಲೋಕಲ್ ಬ್ಯಾಟರಿಗಳಲ್ಲಿ ಫುಲ್ ಅಂತ ತೋರಿಸಿ ಥಟ್ಟನೆ ಇಳಿಯುವವು ಜಾಸ್ತಿ. ಇನ್ನೊಂದು ವಿಷಯವೂ ಇದೆ. ಕೆಲವು ಅಪ್‌ಡೇಟ್‌ಗಳ ನಂತರ ಲೋಕಲ್ ಬ್ಯಾಟರಿಯನ್ನು ಕ್ಯಾಮೆರಾ ಒಪ್ಪದೇ ಹೋಗುವುದುಂಟು. ನಿಮ್ಮ ಬ್ಯಾಗಿನ ತುಂಬ ಲೋಕಲ್ ಬ್ಯಾಟರಿಗಳೇ ಇದ್ದರೆ, ಅದೇ ಮಾಡೆಲ್ ಇರುವ ಇನ್ನೊಬ್ಬರನ್ನು ಮೊದಲು ಕೇಳಿ. ಬ್ಯಾಟರಿ ಗ್ರಿಪ್ (ಹೆಚ್ಚಿನ ಬ್ಯಾಟರಿಗಾಗಿ ಕ್ಯಾಮೆರಾದ ಕೆಳಗೆ ಜೋಡಿಸುವ ಹಿಡಿ) ಇದ್ದರೆ ಬಿಚ್ಚಿಡಿ, ಬ್ಯಾಟರಿ ನೇರವಾಗಿ ಬಾಡಿಯಲ್ಲೇ ಇರಲಿ.

ಆಮೇಲೆ ಸೆಟ್ಟಿಂಗ್. ಅಪ್‌ಡೇಟ್ ಆದಾಗ ಕೆಲವು ಬಾಡಿಗಳಲ್ಲಿ ಸೆಟ್ಟಿಂಗ್‌ಗಳು ಮೊದಲಿನ ಹಾಗೆ ಉಳಿಯುವುದಿಲ್ಲ. ಕಸ್ಟಮ್ ಬಟನ್, ಪಿಕ್ಚರ್ ಪ್ರೊಫೈಲ್, ವೈಟ್ ಬ್ಯಾಲೆನ್ಸ್, ಇವುಗಳ ಮೆನು ಪುಟಗಳನ್ನು ಫೋನಿನಲ್ಲಿ ಒಂದೊಂದಾಗಿ ಫೋಟೊ ತೆಗೆದಿಡಿ. ಸೆಟ್ಟಿಂಗ್‌ಗಳನ್ನು ಕಾರ್ಡಿಗೆ ಸೇವ್ ಮಾಡುವ ಆಯ್ಕೆ ನಿಮ್ಮ ಬಾಡಿಯಲ್ಲಿದ್ದರೆ ಅದನ್ನೂ ಮಾಡಿ. ಕಾರ್ಡಿನಲ್ಲಿರುವ ಫೋಟೊಗಳನ್ನೆಲ್ಲ ಹಾರ್ಡ್ ಡಿಸ್ಕಿಗೆ ಹಾಕಿಕೊಂಡು, ಎರಡು ಕಡೆ ಬಂದಿದೆಯಾ ಅಂತ ನೋಡಿದ ಮೇಲೆಯೇ ಮುಂದಿನ ಕೆಲಸ. ಗಿರಾಕಿಯ ಫೋಟೊ ಇರುವ ಕಾರ್ಡನ್ನು ಇದಕ್ಕೆ ಬಳಸಲೇಬೇಡಿ. 16 ಅಥವಾ 32 ಜಿಬಿಯ ಒಂದು ಒಳ್ಳೆಯ ಕಾರ್ಡನ್ನು ಬೇರೆ ಇಟ್ಟುಕೊಂಡು, ಅದೇ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ.

ಇನ್ನು ಫೈಲ್. ಎಡವಟ್ಟುಗಳು ಹೆಚ್ಚಾಗಿ ಆಗುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಓದಿ. ಕಂಪನಿಯ ಸಪೋರ್ಟ್ ಪುಟದಿಂದ ಮಾತ್ರ ಡೌನ್‌ಲೋಡ್ ಮಾಡಿ. ಯಾರೋ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕಳಿಸಿದ ಫೈಲ್ ಬೇಡವೇ ಬೇಡ. ಮಾಡೆಲ್ ಹೆಸರು ಅಕ್ಷರಕ್ಕೆ ಅಕ್ಷರ ತಾಳೆಯಾಗಬೇಕು. ಕ್ಯಾನನ್ 200ಡಿ ಬೇರೆ, 200ಡಿ ಮಾರ್ಕ್ 2 ಬೇರೆ. ನಮ್ಮಲ್ಲಿ 1500ಡಿ ಅಂತ ಮಾರುವ ಬಾಡಿಯನ್ನೇ ಯುರೋಪಿನಲ್ಲಿ 2000ಡಿ ಅಂತಲೂ ಅಮೆರಿಕದಲ್ಲಿ ರೆಬೆಲ್ ಟಿ7 ಅಂತಲೂ ಮಾರುತ್ತಾರೆ. ಹೊರಗಿನಿಂದ ಬಂದ ಸೆಕೆಂಡ್ ಹ್ಯಾಂಡ್ ಬಾಡಿ ಇದ್ದರೆ ಅದರ ಮೇಲೆ ಏನು ಬರೆದಿದೆ ನೋಡಿ. ಸೋನಿಯವರಲ್ಲಿ ಎ7 ಮಾರ್ಕ್ 3 ಅಂತ ಹುಡುಕುವ ಬದಲು ಐಎಲ್‌ಸಿಇ-7ಎಂ3 ಅಂತ ಹುಡುಕಿ, ಬಾಡಿಯ ಕೆಳಗೆ ಅದೇ ಹೆಸರಿರುತ್ತದೆ.

ಡೌನ್‌ಲೋಡ್ ಆದದ್ದು ಬಹಳ ಸಲ ಜಿಪ್ ಫೈಲ್ ಆಗಿರುತ್ತದೆ ಅಥವಾ ತಾನೇ ಬಿಚ್ಚಿಕೊಳ್ಳುವ ಫೈಲ್ ಆಗಿರುತ್ತದೆ. ಅದನ್ನು ಹಾಗೇ ಕಾರ್ಡಿಗೆ ಹಾಕಿದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಬಿಚ್ಚಿ, ಒಳಗಿನ ಫೈಲ್ ತೆಗೆದುಕೊಳ್ಳಿ. ಕ್ಯಾನನ್ ಫೈಲಿನ ಹೆಸರು ಎಫ್‌ಐಆರ್ (.FIR) ಅಂತ ಮುಗಿಯುತ್ತದೆ, ನಿಕಾನ್ ಮತ್ತು ಪ್ಯಾನಸಾನಿಕ್‌ನದು ಬಿನ್ (.BIN) ಅಂತ, ಫ್ಯೂಜಿಯದು ಡ್ಯಾಟ್ (.DAT) ಅಂತ. ಹೆಸರು ಬದಲಿಸಬೇಡಿ. ಒಂದೇ ಫೈಲನ್ನು ಎರಡು ಸಲ ಡೌನ್‌ಲೋಡ್ ಮಾಡಿದರೆ ಬ್ರೌಸರ್ ತಾನೇ ಹೆಸರಿನ ಕೊನೆಗೆ ಒಂದು ಅಂಕಿ ಸೇರಿಸುತ್ತದೆ. ಆಗಲೂ ಕ್ಯಾಮೆರಾ ಫೈಲ್ ಇಲ್ಲ ಅನ್ನುತ್ತದೆ. ಹಳೆಯದನ್ನು ಅಳಿಸಿ ಮತ್ತೆ ಡೌನ್‌ಲೋಡ್ ಮಾಡಿ. ಕಾರ್ಡ್ ರೀಡರ್‌ನಲ್ಲಿ ಹಾಕಿ ಕಾರ್ಡ್ ತೆರೆದಾಗ ಡಿಸಿಐಎಂ ಅನ್ನುವ ಫೋಲ್ಡರ್ ಕಾಣುತ್ತದೆ. ಫೈಲ್ ಅದರ ಒಳಗೆ ಹೋಗಬಾರದು, ಅದರ ಪಕ್ಕದಲ್ಲಿ ಇರಬೇಕು. ಕಾರ್ಡನ್ನು ಇಜೆಕ್ಟ್ ಮಾಡಿಯೇ ತೆಗೆಯಿರಿ. ಎರಡು ಸ್ಲಾಟ್ ಇರುವ ಬಾಡಿಯಲ್ಲಿ ಮೊದಲ ಸ್ಲಾಟಿಗೆ ಹಾಕಿ, ಎರಡನೆಯದು ಖಾಲಿ ಇರಲಿ.

ಕ್ಯಾನನ್‌ನಲ್ಲಿ ಮೋಡ್ ಡಯಲನ್ನು ಪಿ ಅಥವಾ ಎಂಗೆ ತಿರುಗಿಸಿ. ಹಸಿರು ಆಟೋದಲ್ಲಿ ಇಟ್ಟರೆ ಫರ್ಮ್‌ವೇರ್ ಸಾಲು ಮೆನುವಿನಲ್ಲಿ ಕಾಣುವುದೇ ಇಲ್ಲ. ಎಷ್ಟೋ ಜನ ಇಲ್ಲೇ ನಿಂತುಬಿಡುತ್ತಾರೆ. ಸ್ಪ್ಯಾನರ್ ಗುರುತಿನ ಹಳದಿ ಪುಟಗಳಲ್ಲಿ ಫರ್ಮ್‌ವೇರ್ ಅನ್ನುವ ಸಾಲು ಸಿಗುತ್ತದೆ, ಪಕ್ಕದಲ್ಲಿ ಈಗಿನ ವರ್ಷನ್ ಇರುತ್ತದೆ. ಒತ್ತಿ, ಓಕೆ ಕೊಡಿ. ನಿಕಾನ್‌ನಲ್ಲಿ ಸೆಟಪ್ ಮೆನುವಿನ ಫರ್ಮ್‌ವೇರ್ ವರ್ಷನ್‌ಗೆ ಹೋಗಿ. ಅಲ್ಲಿ ಸಿ ಅಂದರೆ ಕ್ಯಾಮೆರಾ. ಡಿಎಸ್‌ಎಲ್‌ಆರ್‌ಗಳಲ್ಲಿ ಎಲ್ ಅಂತ ಇನ್ನೊಂದು ಇರುತ್ತದೆ, ಅದು ಲೆನ್ಸಿನ ಡಿಸ್ಟಾರ್ಷನ್ (ನೇರ ಗೆರೆ ಬಾಗಿದಂತೆ ಕಾಣುವುದು) ತಿದ್ದುವ ಮಾಹಿತಿ, ಬೇರೆ ಫೈಲ್. ಪ್ಯಾನಸಾನಿಕ್‌ನಲ್ಲಿ ಕಾರ್ಡ್ ಹಾಕಿ ಫೋಟೊ ನೋಡುವ ಪ್ಲೇ ಬಟನ್ ಒತ್ತಿದರೆ ತಾನೇ ಕೇಳುತ್ತದೆ. ಫ್ಯೂಜಿಯಲ್ಲಿ ಡಿಸ್ಪ್ ಬ್ಯಾಕ್ (DISP/BACK) ಬಟನ್ ಒತ್ತಿ ಹಿಡಿದುಕೊಂಡು ಆನ್ ಮಾಡಬೇಕು.

ಸೋನಿಯದು ಸ್ವಲ್ಪ ಬೇರೆ. ಎ7 ಮಾರ್ಕ್ 4ರಂಥ ಹೊಸ ಬಾಡಿಗಳಿಗೆ ಬಾಡಿಡೇಟಾ (BODYDATA) ಅನ್ನುವ ಫೈಲನ್ನು ಕಾರ್ಡಿಗೆ ಹಾಕಿ, ಸೆಟಪ್‌ನ ವರ್ಷನ್‌ಗೆ ಹೋದರೆ ಸಾಕು. ಎ7 ಮಾರ್ಕ್ 3ರ ಕಾಲದ ಬಾಡಿಗಳಿಗೆ ಕಂಪ್ಯೂಟರ್ ಬೇಕು. ಸೋನಿಯವರ ಅಪ್‌ಡೇಟರ್ ಪ್ರೋಗ್ರಾಂ ಹಾಕಿಕೊಂಡು, ಕ್ಯಾಮೆರಾದ ಯುಎಸ್‌ಬಿ ಕನೆಕ್ಷನ್ ಅನ್ನು ಮಾಸ್ ಸ್ಟೋರೇಜ್‌ಗೆ ಇಟ್ಟು, ಕೇಬಲ್ ಜೋಡಿಸಬೇಕು. ಕಾರ್ಡನ್ನು ಮೊದಲೇ ಹೊರಗೆ ತೆಗೆದಿಡಿ. ಬರೀ ಚಾರ್ಜಿಂಗ್‌ಗೆ ಮಾಡಿದ ಕೇಬಲ್‌ನಲ್ಲಿ ಆಗುವುದಿಲ್ಲ, ಡೇಟಾ ಹೋಗುವ ಕೇಬಲ್ಲೇ ಬೇಕು. ಕರೆಂಟಿನ ಚಿಂತೆ ಬರುವುದು ಇಲ್ಲಿ ಮಾತ್ರ. ಮಳೆಗಾಲದಲ್ಲಿ ಗಾಳಿ ಬೀಸಿದರೆ ಕರೆಂಟ್ ಹೋಗುವುದು ನಮಗೆ ಹೊಸದೇನಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಈ ಕೆಲಸ ಮಾಡಬೇಡಿ. ಚಾರ್ಜ್ ಇರುವ ಲ್ಯಾಪ್‌ಟಾಪ್ ತೆಗೆದುಕೊಳ್ಳಿ, ಅದು ಸ್ಲೀಪ್‌ಗೆ ಹೋಗದ ಹಾಗೆ ಸೆಟ್ ಮಾಡಿ.

ಶುರುವಾದ ಮೇಲೆ ಕೈ ಕಟ್ಟಿ ಕೂರಿ. ಕೆಲವೊಮ್ಮೆ ಸ್ಕ್ರೀನ್ ಪೂರ್ತಿ ಕಪ್ಪಾಗುತ್ತದೆ. ಗಾಬರಿ ಆಗಬೇಡಿ. ಸ್ವಿಚ್ ಮುಟ್ಟಬೇಡಿ, ಬ್ಯಾಟರಿ ಬಾಗಿಲು ತೆರೆಯಬೇಡಿ, ಕಾರ್ಡ್ ತೆಗೆಯಬೇಡಿ. ಸಾಮಾನ್ಯವಾಗಿ ಕೆಲವು ನಿಮಿಷದ ಕೆಲಸ, ಒಂದೊಂದು ಬಾಡಿಯಲ್ಲಿ ಒಂದೊಂದು ಥರ. ಮುಗಿಯಿತು ಅಂತ ಅದೇ ಹೇಳಬೇಕು. ಆಮೇಲೆ ಆಫ್ ಮಾಡಿ, ಆನ್ ಮಾಡಿ, ವರ್ಷನ್ ಬದಲಾಗಿದೆಯಾ ನೋಡಿ. ಕಾರ್ಡನ್ನು ಕ್ಯಾಮೆರಾದಲ್ಲೇ ಮತ್ತೆ ಫಾರ್ಮ್ಯಾಟ್ ಮಾಡಿ, ಆ ಫೈಲ್ ಅಲ್ಲಿ ಉಳಿಯುವುದು ಬೇಡ. ದಿನಾಂಕ ಮತ್ತು ಗಂಟೆ ಸರಿ ಇದೆಯಾ ನೋಡುವುದನ್ನು ಮರೆಯಬೇಡಿ. ಇಬ್ಬರು ಎರಡು ಬಾಡಿಯಲ್ಲಿ ಶೂಟ್ ಮಾಡುವಾಗ ಗಂಟೆ ತಪ್ಪಿದ್ದರೆ, ಆಲ್ಬಂಗೆ ಫೋಟೊ ಜೋಡಿಸುವವರು ಒದ್ದಾಡಿಹೋಗುತ್ತಾರೆ.

ಲೆನ್ಸಿಗೂ ಫರ್ಮ್‌ವೇರ್ ಇರುತ್ತದೆ, ಇದು ತುಂಬ ಜನಕ್ಕೆ ಗೊತ್ತಿಲ್ಲ. ಹೊಸ ಬಾಡಿಯಲ್ಲಿ ಲೆನ್ಸ್ ಫೋಕಸ್‌ಗೆ ತಡಕಾಡುತ್ತಿದ್ದರೆ ಅದನ್ನು ಮಾರುವ ಮೊದಲು ಇದನ್ನು ನೋಡಿ. ಕ್ಯಾಮೆರಾ ಕಂಪನಿಯದೇ ಲೆನ್ಸ್ ಆದರೆ ಕ್ಯಾಮೆರಾಕ್ಕೆ ಹಾಕಿಕೊಂಡು ಅದೇ ದಾರಿಯಲ್ಲಿ ಅಪ್‌ಡೇಟ್ ಮಾಡಬಹುದು. ಡಿಎಸ್‌ಎಲ್‌ಆರ್‌ಗೆ ಬಂದ ಸಿಗ್ಮಾ ಲೆನ್ಸುಗಳಿಗೆ ಯುಎಸ್‌ಬಿ ಡಾಕ್ (ಲೆನ್ಸನ್ನು ಕಂಪ್ಯೂಟರಿಗೆ ಜೋಡಿಸುವ ಸಾಧನ) ಬೇಕು, ಟ್ಯಾಮ್ರಾನ್‌ನವುಗಳಿಗೆ ಅಂಥದ್ದೇ ಟ್ಯಾಪ್-ಇನ್ ಕನ್ಸೋಲ್. ಎಲ್ಲ ಮಾಡೆಲ್‌ಗೂ ಅವು ಹೊಂದುವುದಿಲ್ಲ, ಪಟ್ಟಿ ನೋಡಿಕೊಳ್ಳಿ. ಸೋನಿಗೆ ಬರುವ ಟ್ಯಾಮ್ರಾನ್ 28-75 ಜಿ2ರ ಮೈಮೇಲೆಯೇ ಸಿ ಟೈಪ್ ಪೋರ್ಟ್ ಇದೆ, ಕೇಬಲ್ ಹಾಕಿದರಾಯಿತು. ಗೊಡಾಕ್ಸ್ ಫ್ಲ್ಯಾಶ್ ಮತ್ತು ಟ್ರಿಗರ್‌ಗಳೂ (ದೂರದ ಫ್ಲ್ಯಾಶ್ ಹೊಡೆಸಲು ಕ್ಯಾಮೆರಾ ಮೇಲೆ ಹಾಕುವ ಸಾಧನ) ಯುಎಸ್‌ಬಿಯಲ್ಲಿ ಅಪ್‌ಡೇಟ್ ಆಗುತ್ತವೆ.

ಪರೀಕ್ಷೆಯನ್ನು ಮನೆಯ ಗೋಡೆಗೆ ಫೋಟೊ ಹೊಡೆದು ಮುಗಿಸಬೇಡಿ. ನಾನು ಬೆಳಿಗ್ಗೆ ಕುಂದವಾಡ ಕೆರೆ ಏರಿ ಮೇಲೆ ಹೋಗುತ್ತೇನೆ. ವಾಕಿಂಗ್ ಬರುವವರ ಕಡೆಗಲ್ಲ, ಹಾರುವ ಬೆಳ್ಳಕ್ಕಿಗಳ ಕಡೆಗೆ ಕ್ಯಾಮೆರಾ ಹಿಡಿದು ಫೋಕಸ್ ನೋಡುತ್ತೇನೆ. ಸಂಜೆ ಅಂಗಡಿಯ ಒಳಗೆ ಲೈಟ್ ಕಡಿಮೆ ಮಾಡಿ ಟ್ರಿಗರ್ ಹಾಕಿ ಫ್ಲ್ಯಾಶ್ ಹೊಡೆಯುತ್ತದಾ, ಹೈ ಶಟರ್ ಸ್ಪೀಡ್‌ನಲ್ಲಿ ಕಪ್ಪು ಪಟ್ಟೆ ಬರುತ್ತದಾ ಅಂತ ನೋಡುತ್ತೇನೆ. ಇರುವ ಎಲ್ಲ ಲೆನ್ಸ್, ಎಲ್ಲ ಬ್ಯಾಟರಿ, ಎರಡೂ ಸ್ಲಾಟ್, ಗಿಂಬಲ್ ಕೇಬಲ್, ಎಚ್‌ಡಿಎಂಐ ಮಾನಿಟರ್, ಒಂದೊಂದನ್ನೂ ಹಾಕಿ ನೋಡಿ. ವಿಡಿಯೊವನ್ನು ಅರ್ಧ ಗಂಟೆ ಬಿಡದೆ ಓಡಿಸಿ. ಆಮೇಲೆ ಬಾಡಿಯ ಕೆಳಗೆ ಸಣ್ಣ ಚೀಟಿ ಅಂಟಿಸಿ ವರ್ಷನ್ ಮತ್ತು ತಾರೀಕು ಬರೆದಿಡಿ. ಒಂದೇ ಮಾಡೆಲ್‌ನ ಎರಡು ಬಾಡಿ ಇದ್ದರೆ ಒಂದಕ್ಕೆ ಮೊದಲು ಹಾಕಿ, ಸರಿ ಇದೆ ಅನ್ನಿಸಿದ ಮೇಲೆ ಇನ್ನೊಂದಕ್ಕೆ ಹಾಕಿ.

ಅರ್ಧದಲ್ಲಿ ನಿಂತರೆ? ಕನಿಷ್ಠ ಅರ್ಧ ಗಂಟೆ ಹಾಗೇ ಬಿಡಿ. ಆಮೇಲೂ ಅಲುಗಾಡದಿದ್ದರೆ ಬ್ಯಾಟರಿ ತೆಗೆದು ಹಾಕಿ ಒಮ್ಮೆ ಆನ್ ಮಾಡಿ ನೋಡಿ. ಬದುಕಿದರೆ ಅದೇ ಫೈಲನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದ ಕಾರ್ಡಿಗೆ ಹಾಕಿ ಮತ್ತೆ ಮಾಡಿ. ಬದುಕದಿದ್ದರೆ ಬೇರೆ ಬೇರೆ ಫೈಲ್ ಹಾಕಿ ಪ್ರಯೋಗ ಮಾಡಬೇಡಿ, ಮೊಬೈಲ್ ರಿಪೇರಿಯವರ ಕೈಗೂ ಕೊಡಬೇಡಿ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೇ ಕಳಿಸಿ. ಯಾವ ವರ್ಷನ್‌ನಿಂದ ಯಾವುದಕ್ಕೆ ಹೋಗುತ್ತಿತ್ತು, ಎಲ್ಲಿ ನಿಂತಿತು ಅಂತ ಒಂದು ಹಾಳೆಯಲ್ಲಿ ಬರೆದು ಬಾಡಿ ಜೊತೆ ಇಡಿ. ಬಿಲ್ ಮತ್ತು ವಾರಂಟಿ ಕಾರ್ಡಿನ ಜೆರಾಕ್ಸ್ ಕೊಡಿ, ಮೆಮೊರಿ ಕಾರ್ಡ್, ಬೆಲ್ಟ್, ಲೆನ್ಸ್ ನಿಮ್ಮ ಹತ್ತಿರವೇ ಉಳಿಸಿಕೊಳ್ಳಿ.