ಅಪ್ಪನ ಸೈಕಲ್ಲಿಗೆ ಗೇರಿನ ಚಕ್ರ ಕೂರಿಸಿದ್ದು

ತೀರ್ಥಹಳ್ಳಿ ಪೇಟೆಯಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಎರಡು ದೊಡ್ಡ ಏರುಗಳಿವೆ. 1980ರ ದಶಕದಲ್ಲಿ ಕೊಂಡ ಉಕ್ಕಿನ ಸೈಕಲ್ಲನ್ನು ಅಪ್ಪ ಅಲ್ಲಿ ತಳ್ಳಿಕೊಂಡೇ ಹತ್ತಿಸುತ್ತಿದ್ದರು, ನಾನೂ ಹಾಗೆಯೇ ಹತ್ತಿಸಿದೆ. ಫ್ರೇಮ್ ಇಂದಿಗೂ ಗಟ್ಟಿಯಾಗಿದೆ, ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. 6 ಗೇರಿನ ಫ್ರೀವೀಲ್ ಇರುವ ಹಬ್ (ಚಕ್ರದ ನಡುವಿನ ಗುಂಬ) ತಂದು, ಅದೇ ಅಳತೆಯ ರಿಮ್ಮಿಗೆ ಕಟ್ಟಿಸಿದೆ. ಆದರೆ ಚಕ್ರ ಒಳಗೆ ಹೋಗಲಿಲ್ಲ.

ಹಿಂಚಕ್ರದ ಆ್ಯಕ್ಸಲ್ ಕೂರುವ ಸೀಳುಪಟ್ಟಿಗಳಿಗೆ ಡ್ರಾಪೌಟ್ ಎನ್ನುತ್ತಾರೆ. ನನ್ನ ಫ್ರೇಮಿನಲ್ಲಿ ಅವೆರಡರ ನಡುವೆ 114 ಮಿ.ಮೀ. ಇತ್ತು, ಹೊಸ ಹಬ್ಬಿಗೆ 126 ಬೇಕಿತ್ತು. ಸೀಳಿನ ಅಗಲ 9.5 ಮಿ.ಮೀ., ಆ್ಯಕ್ಸಲ್ಲಿನ ದಪ್ಪ 10. "ಎಳೆದು ತುರುಕಿ ನಟ್ಟು ಬಿಗಿಯಿರಿ ಮಾರಾಯರೆ, ಕೂರುತ್ತದೆ" ಎಂದರು ಪರಿಚಯದ ಸೈಕಲ್ ರಿಪೇರಿಯವರೊಬ್ಬರು. ಕೂರುವುದೇನೋ ನಿಜ. ಆದರೆ ಹಾಗೆ ಅಗಲಿಸಿದ ಪಟ್ಟಿಗಳು ಒಂದಕ್ಕೊಂದು ಸಮಾನಾಂತರವಾಗಿ ಉಳಿಯುವುದಿಲ್ಲ. ನಟ್ಟು ಬಿಗಿದಾಗ ಆ್ಯಕ್ಸಲ್ ಬಾಗಿ, ಒಂದು ದಿನ ಮುರಿಯುತ್ತದೆ.

ಮೊದಲು ಅರದ ಕೆಲಸ. ಭಾರ ಹೊರುವುದು ಸೀಳಿನ ಮೇಲಂಚು, ಅದನ್ನು ಮುಟ್ಟದೆ ಕೆಳಗಿನ ಅಂಚನ್ನು ಮಾತ್ರ ಉಜ್ಜಿದೆ. ನಾಲ್ಕೈದು ಸಲ ಉಜ್ಜುವುದು, ಆ್ಯಕ್ಸಲ್ ಇಟ್ಟು ನೋಡುವುದು, ಮತ್ತೆ ಉಜ್ಜುವುದು. ಒಂದು ಬದಿಯಲ್ಲಿ ಆ್ಯಕ್ಸಲ್ ಅರ್ಧ ಮಿಲಿಮೀಟರ್ ಮೇಲೆ ಕೂತರೂ ರಿಮ್ಮಿನ ಹತ್ತಿರ ಚಕ್ರ ಒಂದು ಮಿಲಿಮೀಟರಿಗಿಂತ ಹೆಚ್ಚು ವಾಲುತ್ತದೆ. ಆದ್ದರಿಂದ ಇಲ್ಲಿ ಅವಸರ ಮಾಡಬಾರದು.

ಅಗಲಿಸಲು 10 ಮಿ.ಮೀ. ದಪ್ಪದ ಥ್ರೆಡ್ ರಾಡನ್ನು ಎರಡೂ ಸೀಳುಗಳಲ್ಲಿ ಇಟ್ಟು, ಒಳಗಡೆಯಿಂದ ನಟ್ಟು ಮತ್ತು ದಪ್ಪ ವಾಷರ್ ಕೊಟ್ಟು ಹೊರಕ್ಕೆ ತಳ್ಳುತ್ತಾ ಹೋದೆ. ನಟ್ಟಿನ ಒಂದು ಸುತ್ತಿಗೆ ಒಂದೂವರೆ ಮಿಲಿಮೀಟರ್. ಉಕ್ಕು ಬಿಟ್ಟೊಡನೆ ಹಿಂದಕ್ಕೆ ಬರುತ್ತದೆ. 140ರವರೆಗೆ ಅಗಲಿಸಿ ಬಿಟ್ಟೆ, ಮರಳಿ 115ಕ್ಕೆ ಬಂತು. 148ಕ್ಕೆ ಹೋದಾಗ 120ರಲ್ಲಿ ನಿಂತಿತು. ಸ್ವಲ್ಪ ಸ್ವಲ್ಪವೇ ಮುಂದುವರಿದು 156 ಮುಟ್ಟಿ ಬಿಟ್ಟಾಗ ಸರಿಯಾಗಿ 126. ಇದು ಉಕ್ಕಿಗೆ ಮಾತ್ರ ಒಗ್ಗುವ ವಿಧಾನ. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮುಗಳನ್ನು ಹೀಗೆ ಬಗ್ಗಿಸಲೇಬಾರದು.

ಸಂಭ್ರಮ ಹೆಚ್ಚು ಹೊತ್ತು ಉಳಿಯಲಿಲ್ಲ. ಒಂದು ಡ್ರಾಪೌಟಿಗೆ ದಾರ ಕಟ್ಟಿ, ಹ್ಯಾಂಡಲ್ ಕೆಳಗಿನ ಕೊಳವೆಯನ್ನು ಸುತ್ತಿಸಿ ಇನ್ನೊಂದಕ್ಕೆ ತಂದು, ಸೀಟಿನ ಕೊಳವೆಯಿಂದ ದಾರಕ್ಕಿರುವ ದೂರವನ್ನು ಎರಡೂ ಕಡೆ ಅಳೆದೆ. ಎಡಕ್ಕೆ 3 ಮಿ.ಮೀ. ಹೆಚ್ಚು! ಹಿಂಚಕ್ರದ ಎರಡು ಬದಿಗೆ ಬರುವ ಫ್ರೇಮಿನ ಕೊಳವೆಗಳೇ ಅದರ ಕಾಲುಗಳು; ಎಡಗಡೆಯ ಕಾಲು ಹೆಚ್ಚು ಬಾಗಿತ್ತು, ಬಲದ್ದು ಕಡಿಮೆ. ಹಳೆಯ ಕಿಟಕಿಯಿಂದ ಉಳಿದಿದ್ದ ಭೋಗಿ ಮರದ ರೀಪನ್ನು ಸೀಟಿನ ಕೊಳವೆಗೆ ಆನಿಸಿ, ಮೊದಲು ಎಡಗಾಲನ್ನು ಒಳಕ್ಕೆ, ಆಮೇಲೆ ಬಲಗಾಲನ್ನು ಅಷ್ಟೇ ಹೊರಕ್ಕೆ ಮೀಟಿದೆ. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯಿತು.

ಉಳಿದದ್ದು ಪಟ್ಟಿಗಳನ್ನು ಸಮಾನಾಂತರಕ್ಕೆ ತರುವುದು. ಎರಡು 10 ಮಿ.ಮೀ. ಬೋಲ್ಟುಗಳನ್ನು ಒಂದೊಂದು ಸೀಳಿನಲ್ಲಿ ನಟ್ಟು ಹಾಕಿ ಬಿಗಿದೆ. ತುದಿಗಳು ನಡುವೆ ಎದುರುಬದುರಾಗಿ ಸೇರಬೇಕು. ನನ್ನವು ಎರಡೂ ತುದಿ ಹಿಂದಕ್ಕೆ ತಿರುಗಿ ಒಂದನ್ನೊಂದು ನೋಡದೆ ನಿಂತಿದ್ದವು. ದೊಡ್ಡ ಸ್ಪ್ಯಾನರಿನಲ್ಲಿ ಪಟ್ಟಿಯನ್ನು ಹಿಡಿದು ಕೂದಲೆಳೆಯಷ್ಟು ಬಗ್ಗಿಸುವುದು, ಕಣ್ಣಿಟ್ಟು ನೋಡುವುದು. ಎರಡು ಬೋಲ್ಟುಗಳ ಮುಖ ಒಂದೇ ಕೋಲಿನ ಹಾಗೆ ಕೂಡಿದಾಗ ಆದ ಸಮಾಧಾನ ಇಡೀ ಕೆಲಸದಲ್ಲಿ ಬೇರೆಲ್ಲೂ ಸಿಗಲಿಲ್ಲ.

ಗೇರ್ ಬದಲಿಸುವ ಡಿರೇಲರಿಗೆ ಈ ಫ್ರೇಮಿನಲ್ಲಿ ಜಾಗವಿರಲಿಲ್ಲ, ಆ್ಯಕ್ಸಲ್ಲಿನಲ್ಲೇ ಸಿಕ್ಕಿಸುವ ಹ್ಯಾಂಗರ್ ಹಾಕಿದೆ. ಕೆಳಗಿನ ಎರಡು ಕಾಲುಗಳನ್ನು ಸೇರಿಸುವ ಅಡ್ಡಕೊಳವೆಯ ಬೆಸುಗೆಯ ಬಳಿ ಬಣ್ಣ ಸೀಳಿತ್ತು. ಉಪ್ಪುಕಾಗದದಿಂದ ತಿಕ್ಕಿ, ಲೋಹ ಬಿರಿದಿಲ್ಲವೆಂದು ಖಚಿತ ಮಾಡಿಕೊಂಡು ಎರಡು ಕೋಟು ರೆಡ್ ಆಕ್ಸೈಡ್ ಬಳಿದೆ. ನಮ್ಮ ಮಳೆಗೆ ಬರಿಯ ಉಕ್ಕನ್ನು ಬಿಟ್ಟರೆ ಒಂದೇ ವಾರದಲ್ಲಿ ತುಕ್ಕು.

ಈಗ ಚಕ್ರ ಹೆಬ್ಬೆರಳಿನ ಒತ್ತಿಗೆ ಒಳಗೆ ಕೂರುತ್ತದೆ. ಮೊನ್ನೆ ಎರಡೂ ಏರುಗಳನ್ನು ಇಳಿಯದೆ ಹತ್ತಿದೆ. ಮನೆಗೆ ಬಂದವನು ಮೊದಲು ಬಗ್ಗಿ ನೋಡಿದ್ದು ಆ ಅಡ್ಡಕೊಳವೆಯನ್ನು. ಕೆಂಪು ಬಣ್ಣದಲ್ಲಿ ಗೆರೆ ಬಿದ್ದಿರಲಿಲ್ಲ.