ಚಿಗಟದ ಕವಿತೆಯಲ್ಲಿ ಅವಳ ಪಾಲು

ಇಂಗ್ಲಿಷ್ ಕವಿ ಜಾನ್ ಡನ್‌ನ ‘ದಿ ಫ್ಲೀ’ (ಚಿಗಟ) ಕವಿತೆಯನ್ನು ಪದವಿ ತರಗತಿಯಲ್ಲಿ ಪಾಠ ಮಾಡುವಾಗ ನಾನು ರೂಪಕದ ಲಕ್ಷಣ ಹೇಳಿ ಶುರುಮಾಡುವುದಿಲ್ಲ. ಚರಣಗಳ ನಡುವಿನ ಖಾಲಿ ಜಾಗವನ್ನು ತೋರಿಸುತ್ತೇನೆ. ಇಬ್ಬರನ್ನೂ ಕಚ್ಚಿದ ಚಿಗಟವನ್ನು ನೆಪಮಾಡಿಕೊಂಡು ಒಬ್ಬ ಪ್ರೇಮಿ ತಾನು ಬಯಸಿದವಳನ್ನು ತನ್ನೊಡನೆ ಕೂಡಲು ಒಪ್ಪಿಸಲು ನೋಡುವ ಕವಿತೆ ಅದು. ಒಂಬತ್ತೊಂಬತ್ತು ಸಾಲಿನ ಮೂರು ಚರಣಗಳು, ಮಾತೆಲ್ಲ ಅವನದೇ. ಅವಳ ದನಿ ನಮಗೆ ನೇರವಾಗಿ ಕೇಳಿಸುವುದೇ ಇಲ್ಲ. ಆದರೂ ಅವನ ವಾದವನ್ನು ಹೆಜ್ಜೆಹೆಜ್ಜೆಗೂ ತಿರುಗಿಸುವವಳು ಅವಳೇ.

ವಿದ್ಯಾರ್ಥಿಗಳಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಇನ್ನೊಬ್ಬರು ಮಾತಿಲ್ಲದೆ ಅವಳಾಗಿ ಕೂರುತ್ತಾರೆ. ಚಿಗಟ ಮೊದಲು ನನ್ನ ರಕ್ತ ಹೀರಿತು, ಈಗ ನಿನ್ನದನ್ನು ಹೀರುತ್ತಿದೆ, ಇಬ್ಬರ ರಕ್ತವೂ ಅದರೊಳಗೆ ಬೆರೆತಿದೆ, ಇದನ್ನು ಯಾರೂ ಪಾಪ ಎನ್ನುವುದಿಲ್ಲವಲ್ಲ ಎಂದು ಮೊದಲ ಚರಣ. ಎರಡನೆಯದು ‘ನಿಲ್ಲು’ ಎಂದು ತೊಡಗುತ್ತದೆ. ಅಲ್ಲಿ ಓದು ತಡೆದು ಕೇಳುತ್ತೇನೆ: ಈಗೇಕೆ ನಿಲ್ಲು ಎಂದ? ಅವಳ ಕೈ ಚಿಗಟದತ್ತ ಹೋಗಿದೆ ಎಂಬುದು ಆಗ ಹೊಳೆಯುತ್ತದೆ. ಅದಕ್ಕೇ ಚಿಗಟ ಇದ್ದಕ್ಕಿದ್ದಂತೆ ಮದುವೆಯ ಮಂಚವಾಗುತ್ತದೆ, ದೇವಾಲಯವಾಗುತ್ತದೆ. ಕೊಂದರೆ ಕೊಲೆ, ಆತ್ಮಹತ್ಯೆ, ದೈವದ್ರೋಹ ಮೂರೂ ತಗಲುತ್ತವೆ. ರೂಪಕ ಇಷ್ಟು ಬೆಳೆದದ್ದು ಅಂದಕ್ಕಲ್ಲ, ಆ ಕೈಯನ್ನು ತಡೆಯುವುದಕ್ಕೆ.

ಅವಳು ನಿಲ್ಲುವುದಿಲ್ಲ. ಮೂರನೆಯ ಚರಣ ಬರುವಷ್ಟರಲ್ಲಿ ಉಗುರು ಕೆಂಪಾಗಿರುತ್ತದೆ. ಚಿಗಟ ಸತ್ತರೂ ನಮ್ಮಿಬ್ಬರಿಗೂ ಏನೂ ಆಗಲಿಲ್ಲ ಎಂಬ ಅವಳ ಗೆಲುವಿನ ಮಾತನ್ನು ಅವನೇ ವರದಿ ಮಾಡುತ್ತಾನೆ. ‘ನಿಜ’ ಎಂದು ಒಪ್ಪಿಕೊಂಡು, ಚಿಗಟ ಸತ್ತು ನಿನಗೆ ಎಷ್ಟು ನಷ್ಟವಾಯಿತೋ ನನಗೆ ಒಲಿದರೂ ನಿನ್ನ ಮಾನಕ್ಕೆ ಆಗುವ ನಷ್ಟ ಅಷ್ಟೇ ಎನ್ನುತ್ತಾನೆ. ತಾನು ಕಟ್ಟಿದ ದೇವಾಲಯವನ್ನು ಒಂದೇ ಉಸಿರಿಗೆ ಕೈಬಿಡುತ್ತಾನೆ! ಈ ತಿರುವು ನನಗೆ ಇಂದಿಗೂ ರೋಮಾಂಚನ ತರುತ್ತದೆ.

ತರಗತಿಯಲ್ಲಿ ಕೆಲವರು ಅವನ ಜಾಣ್ಮೆಗೆ ತಲೆದೂಗುತ್ತಾರೆ, ಕೆಲವರಿಗೆ ಸಿಟ್ಟು ಬರುತ್ತದೆ. ಆ ಸಿಟ್ಟು ನನಗೆ ಬೇಕು. ಅವಳ ಪರವಾಗಿ ಉತ್ತರ ಬರೆಯಲು ಹೇಳುತ್ತೇನೆ. ಷರತ್ತು ಒಂದೇ, ಚಿಗಟವನ್ನು ಬಿಟ್ಟು ಆಚೆ ಹೋಗಬಾರದು. ಉಪದೇಶಕ್ಕೆ ಇಳಿದ ಉತ್ತರಗಳು ಸಪ್ಪೆಯಾಗುತ್ತವೆ. ರೂಪಕದೊಳಗೇ ಬಿರುಕು ಹುಡುಕಿದವು ನಾಟುತ್ತವೆ. ಒಬ್ಬ ವಿದ್ಯಾರ್ಥಿನಿ ಬರೆದದ್ದು: ‘ಚಿಗಟ ನನ್ನನ್ನು ಕೇಳಿ ಕಚ್ಚಲಿಲ್ಲ. ನೀನು ಕೇಳುತ್ತಿದ್ದೀಯೆ. ಹಾಗಾದರೆ ಬೇಡ ಎನ್ನಲು ನನಗೆ ಅವಕಾಶವಿದೆ.’

ಇದಾದ ಮೇಲೆಯೇ ಅದೇ ಕವಿಯ ವಿದಾಯದ ಕವಿತೆಗೆ, ಅದರ ಕೊನೆಯ ಮೂರು ಚರಣಗಳಲ್ಲಿ ಅಗಲುವ ಪ್ರೇಮಿಗಳನ್ನು ವೃತ್ತ ಎಳೆಯುವ ಕೈವಾರದ ಎರಡು ಕಾಲುಗಳಿಗೆ ಹೋಲಿಸುವ ರೂಪಕಕ್ಕೆ ಹೋಗುತ್ತೇನೆ. ಅಲ್ಲಿಯೂ ಮೊದಲ ಪ್ರಶ್ನೆ ಅದೇ: ಕೇಳಿಸಿಕೊಳ್ಳುತ್ತಿರುವವಳು ಈಗ ಏನು ಮಾಡುತ್ತಿರಬಹುದು?