ಐಟಿಯಿಂದ ಶಾಲೆಗೆ: ರಾಜೀನಾಮೆ ಬರೆಯುವ ಮುನ್ನ ಮಾಡಬೇಕಾದ ಕೆಲಸಗಳು

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಹತ್ತು ಹದಿನೈದು ವರ್ಷ ದುಡಿದವರು ‘ಇನ್ನು ಸಾಕು, ಮಕ್ಕಳಿಗೆ ಪಾಠ ಹೇಳಿಕೊಂಡಿರುತ್ತೇನೆ’ ಎನ್ನುವುದು ಈಗ ಅಪರೂಪದ ಮಾತಾಗಿ ಉಳಿದಿಲ್ಲ. ಹಾಗೆ ಹೊರಟವರಲ್ಲಿ ಕೆಲವರು ಮೊದಲು ರಾಜೀನಾಮೆ ಕೊಟ್ಟು, ಆಮೇಲೆ ಅರ್ಹತೆಯ ನಿಯಮಗಳನ್ನು ಹುಡುಕಲು ಕೂರುತ್ತಾರೆ. ಈ ಕ್ರಮವನ್ನು ತಿರುಗಿಸಿಕೊಳ್ಳುವುದು ಒಳ್ಳೆಯದು. ತರಗತಿಗೆ ಹೋಗುವ ದಾರಿಗೂ ಶಾಲಾ ಗ್ರಂಥಾಲಯಕ್ಕೆ ಹೋಗುವ ದಾರಿಗೂ ಮುಖ್ಯ ವ್ಯತ್ಯಾಸವೊಂದಿದೆ: ಎರಡನೆಯದಕ್ಕೆ ಬೇಕಾದ ಓದನ್ನು ಉದ್ಯೋಗದಲ್ಲಿದ್ದುಕೊಂಡೇ ಮುಗಿಸಬಹುದು, ಮೊದಲನೆಯದಕ್ಕೆ ಅದು ಸಾಧ್ಯವಿಲ್ಲ.

ಮೊದಲ ಕೆಲಸ, ಮನೆಯ ಹತ್ತಿರದ ಒಂದು ಶಾಲೆಯ ಮುಖ್ಯ ಶಿಕ್ಷಕರ ಅನುಮತಿ ಪಡೆದು, ವಾರಕ್ಕೊಂದು ಪೀರಿಯಡ್‌ನಂತೆ ಕನಿಷ್ಠ ಮೂರು ತಿಂಗಳು ಒಂದೇ ತರಗತಿಗೆ ಹೋಗುವುದು. ಒಂದು ದಿನ ಹೋಗಿ ರೊಬೊಟ್ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಆರನೇ ತರಗತಿಯ ಮಗುವೊಂದು ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದಾಗ, ಮೇಲಿನದಕ್ಕೆ ಮೇಲಿನದನ್ನೂ ಕೆಳಗಿನದಕ್ಕೆ ಕೆಳಗಿನದನ್ನೂ ಕೂಡಿಸುವುದು ಆ ಮಗುವಿಗೆ ಏಕೆ ಸರಿಯೆಂದು ತೋರಿತು ಎಂಬ ಕುತೂಹಲ ನಿಮ್ಮಲ್ಲಿ ಹುಟ್ಟುತ್ತದೆಯೇ, ಅಥವಾ ಸರಿಯುತ್ತರ ಬರೆದುಕೊಟ್ಟು ಮುಂದೆ ಹೋಗುವ ಆತುರವಾಗುತ್ತದೆಯೇ ಎಂಬುದನ್ನು ಗಮನಿಸಿಕೊಳ್ಳಬೇಕು. ಇದು ಬಗ್ ಹುಡುಕಿದಂತೆಯೇ ಎಂದು ಅನೇಕ ಎಂಜಿನಿಯರ್‌ಗಳಿಗೆ ಅನಿಸುತ್ತದೆ. ಆದರೆ ಸರಿಪಡಿಸಿದ ಬಗ್ ಮರುದಿನ ನಿಮ್ಮ ಮುಖ ನೋಡಿ ನಗುತ್ತಾ ಅದೇ ತಪ್ಪನ್ನು ಬರೆದುಕೊಂಡು ಬರುವುದಿಲ್ಲ.

ಪಾಠ ಹೇಳುವುದೇ ಗುರಿಯೆಂದು ಖಚಿತವಾದರೆ, ಯಾವ ತರಗತಿಗೆ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಬಿ.ಇಡಿ. ಪಡೆದವರು 1ರಿಂದ 5ನೇ ತರಗತಿಯ ಶಿಕ್ಷಕರ ಹುದ್ದೆಗೆ ಅರ್ಹರಲ್ಲವೆಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ತೀರ್ಪು ನೀಡಿದೆ, ಅಲ್ಲಿಗೆ ಡಿ.ಇಎಲ್.ಇಡಿ. (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಬೇಕು. ಅದಕ್ಕಿಂತ ಮೇಲಿನ ತರಗತಿಗಳಿಗೆ ಸಾಮಾನ್ಯವಾಗಿ ಪದವಿಯ ಜೊತೆ ಬಿ.ಇಡಿ. ಬೇಕಾಗುತ್ತದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಮಂಡಳಿಯ (ಎನ್‌ಸಿಟಿಇ) 2014ರ ನಿಯಮಾವಳಿಯ ಪ್ರಕಾರ ಇದು ಎರಡು ವರ್ಷದ ಕೋರ್ಸ್. ವಿಜ್ಞಾನ ಮತ್ತು ಗಣಿತದ ವಿಶೇಷ ಅಧ್ಯಯನವಿರುವ ಎಂಜಿನಿಯರಿಂಗ್ ಪದವೀಧರರು ಶೇ 55 ಅಂಕ ಪಡೆದಿರಬೇಕು, ಮತ್ತು ಎರಡು ವರ್ಷಗಳಲ್ಲಿ ಒಟ್ಟು 20 ವಾರ ಶಾಲೆಗಳಲ್ಲಿ ಕಳೆಯಬೇಕು. ದೂರಶಿಕ್ಷಣದ ಬಿ.ಇಡಿ. ಇರುವುದು ಈಗಾಗಲೇ ಶಿಕ್ಷಕ ತರಬೇತಿ ಪಡೆದವರಿಗಾಗಿಯೇ. ಆದ್ದರಿಂದ ‘ವಾರಾಂತ್ಯದಲ್ಲಿ ಮುಗಿಸಿಕೊಡುತ್ತೇವೆ’ ಎನ್ನುವ ಏಜೆಂಟರಿಗೆ ಹಣ ಕಟ್ಟಬೇಡಿ. ನಾಲ್ಕು ವರ್ಷದ ಪದವಿ ಪಡೆದವರಿಗೆ ಒಂದು ವರ್ಷದ ಬಿ.ಇಡಿ. ಸಾಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿರುವುದರಿಂದ, ಪ್ರವೇಶಕ್ಕೆ ಮುನ್ನ ಆ ವರ್ಷದ ಅಧಿಸೂಚನೆಯನ್ನು ಸ್ವತಃ ಓದಿ ನೋಡುವುದು ಅಗತ್ಯ.

8ನೇ ತರಗತಿಯವರೆಗೆ ಕಲಿಸುವವರಿಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಉಂಟು. 6ರಿಂದ 8ನೇ ತರಗತಿಗೆ ಕಲಿಸುವವರು ಎರಡನೇ ಪತ್ರಿಕೆ ಬರೆಯಬೇಕು. ಅದರಲ್ಲಿ 150 ಪ್ರಶ್ನೆಗಳಿರುತ್ತವೆ, ಉತ್ತೀರ್ಣರಾಗಲು ಸಾಮಾನ್ಯ ವರ್ಗದವರಿಗೆ ಶೇ 60 ಅಂಕ ಬೇಕು. ತಂತ್ರಜ್ಞಾನದಿಂದ ಬಂದವರಿಗೆ ಹೆಚ್ಚು ಹತ್ತಿರದ ಬಾಗಿಲೆಂದರೆ ಸಿಬಿಎಸ್ಇ 11 ಮತ್ತು 12ನೇ ತರಗತಿಯ ಕಂಪ್ಯೂಟರ್ ಸೈನ್ಸ್. ಪಠ್ಯಕ್ರಮ ಪೈಥಾನ್ ಆಧಾರಿತ, ವಿಷಯ ಬಲ್ಲವರು ಬೇಗ ಸಿಗುವುದಿಲ್ಲ, ಹಾಗಾಗಿ ಕೆಲವು ಖಾಸಗಿ ಶಾಲೆಗಳು ಮೊದಲು ಡೆಮೊ ಕ್ಲಾಸ್ ನೋಡಿ ಆಮೇಲೆ ಪ್ರಮಾಣಪತ್ರ ಕೇಳುತ್ತವೆ.

ಗ್ರಂಥಾಲಯದ ದಾರಿ ಇಷ್ಟು ಕಡಿದಲ್ಲ. ಯಾವುದೇ ಪದವಿಯ ನಂತರ ಒಂದು ವರ್ಷದ ಬಿ.ಲಿಬ್. (ಗ್ರಂಥಾಲಯ ವಿಜ್ಞಾನದ ಪದವಿ) ಸಾಕು, ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೊ) ಅದನ್ನು ದೂರಶಿಕ್ಷಣದ ಮೂಲಕ ಓದಬಹುದು. ಕೇಂದ್ರೀಯ ವಿದ್ಯಾಲಯಗಳೂ ಗ್ರಂಥಪಾಲಕರಿಗೆ ಕೇಳುವ ಮುಖ್ಯ ಅರ್ಹತೆ ಇದೇ. ಸರ್ಕಾರಿ ಶಾಲೆಗಳಲ್ಲಿ ಮಾತ್ರ ಪುಸ್ತಕಗಳ ಹೊಣೆ ಸಾಮಾನ್ಯವಾಗಿ ಯಾರಾದರೊಬ್ಬ ಶಿಕ್ಷಕರ ಹೆಗಲ ಮೇಲೇ ಇರುವುದರಿಂದ, ಹುದ್ದೆಗಳನ್ನು ಹೆಚ್ಚಾಗಿ ಖಾಸಗಿ ಶಾಲೆಗಳಲ್ಲಿ ಹುಡುಕಬೇಕಾಗುತ್ತದೆ. ಈ ಕ್ಷೇತ್ರದ ದೊಡ್ಡ ಹೆಸರಾದ ಎಸ್.ಆರ್. ರಂಗನಾಥನ್ ಅವರೂ ವೃತ್ತಿ ಬದಲಿಸಿದವರೇ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೆಲವೇ ದಿನಗಳಲ್ಲಿ ಆ ಏಕಾಂತ ತಡೆಯಲಾಗದೆ ಪಾಠಕ್ಕೇ ಮರಳುತ್ತೇನೆಂದು ಬೇಡಿಕೊಂಡಾಗ, ಲಂಡನ್ನಿನಲ್ಲಿ ಓದಿ ಬಂದ ಮೇಲೂ ಮನಸ್ಸು ಬದಲಾಗದಿದ್ದರೆ ಹಳೆಯ ಹುದ್ದೆ ಕೊಡುವುದಾಗಿ ಒಪ್ಪಂದವಾಯಿತು. ಅವರು ಗ್ರಂಥಾಲಯದಲ್ಲೇ ಉಳಿದರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಮತ್ತು ತರಬೇತಿ ಕೇಂದ್ರವನ್ನೂ ಕಟ್ಟಿದರು. ಹಿಂತಿರುಗುವ ಬಾಗಿಲನ್ನು ತೆರೆದಿಟ್ಟುಕೊಂಡೇ ಹೊರಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ.

ಹಣದ ವಿಷಯ ಸರಳ, ಆದರೆ ಕಹಿ. ಕೈಗೆ ಬರುವ ಸಂಬಳ ಈಗಿನದರ ಸಣ್ಣದೊಂದು ಪಾಲಾಗಬಹುದೆಂದು ಭಾವಿಸಿ, ಆರು ತಿಂಗಳು ಅಷ್ಟರಲ್ಲೇ ಮನೆ ನಡೆಸಿ ನೋಡಿ. ಕಂಪನಿಯ ಆರೋಗ್ಯ ವಿಮೆ ಕೆಲಸದೊಂದಿಗೇ ಮುಗಿಯುವುದರಿಂದ ಸ್ವಂತ ಪಾಲಿಸಿಯನ್ನು ಮೊದಲೇ ಮಾಡಿಸಿಕೊಳ್ಳಿ. ಭವಿಷ್ಯನಿಧಿಯನ್ನು ಒಡೆಯದೆ ಹೊಸ ಉದ್ಯೋಗಕ್ಕೆ ವರ್ಗಾಯಿಸಿ. ಕರ್ನಾಟಕದಲ್ಲಿ ಶಾಲೆಗಳು ಜೂನ್ ಹೊತ್ತಿಗೆ ಆರಂಭವಾಗುತ್ತವೆ, ಖಾಸಗಿ ಶಾಲೆಗಳ ಸಂದರ್ಶನಗಳು ಬೇಸಿಗೆಗೆ ಮುಂಚೆಯೇ ಶುರುವಾಗುತ್ತವೆ. ನೋಟಿಸ್ ಪೀರಿಯಡ್ 90 ದಿನವಿದ್ದರೆ, ನೇಮಕಾತಿ ಪತ್ರ ಕೈಗೆ ಬಂದಿರದಿದ್ದರೂ ಫೆಬ್ರುವರಿ ಮುಗಿಯುವುದರೊಳಗೆ ರಾಜೀನಾಮೆ ಸಲ್ಲಿಸಬೇಕಾಗುತ್ತದೆ.

ಗ್ರಂಥಾಲಯಕ್ಕೆ ಸೇರಿದ ಮೊದಲ ವಾರ ತಂತ್ರಜ್ಞಾನದವರ ಕೈ ತಾನಾಗಿ ಕೋಹಾದಂಥ ಗ್ರಂಥಾಲಯ ನಿರ್ವಹಣಾ ತಂತ್ರಾಂಶದ ಕಡೆಗೆ ಹೋಗುತ್ತದೆ. ಅದನ್ನು ಶಾಲಾ ವರ್ಷದ ಎರಡನೇ ಅವಧಿಗೆ ಬಿಡಿ. ಪುಸ್ತಕಗಳಿರುವುದು ಬಳಕೆಗೆ ಎಂಬುದು ರಂಗನಾಥನ್ ಅವರ ಮೊದಲ ಸೂತ್ರ. ಎಷ್ಟೋ ಶಾಲೆಗಳಲ್ಲಿ ಅವು ಬೀರುವಿನೊಳಗೆ, ಬೀರುವಿನ ಬೀಗದ ಕೈ ಬೇರೆ ಯಾರದೋ ಮೇಜಿನೊಳಗೆ ಇರುತ್ತವೆ. ಮೊದಲು ಆ ಬೀಗ ತೆಗೆಸಿ, ಹುಳು ಹಿಡಿದವನ್ನೂ ಹಳೆಯ ಗೈಡುಗಳನ್ನೂ ಬೇರೆಯಿಟ್ಟು ಪಟ್ಟಿ ಮಾಡಿ ಮುಖ್ಯ ಶಿಕ್ಷಕರ ಸಹಿ ಪಡೆಯಿರಿ. ಉಳಿದ ಪುಸ್ತಕಗಳನ್ನು ಮುಖಪುಟ ಕಾಣುವಂತೆ ಮಕ್ಕಳ ಎತ್ತರಕ್ಕೆ ಜೋಡಿಸಿ, ವಿತರಣಾ ವಹಿಯನ್ನು ಏಳನೇ ತರಗತಿಯ ಇಬ್ಬರು ಮಕ್ಕಳ ಕೈಗೆ ಕೊಟ್ಟು, ನೀವು ನೆಲದ ಮೇಲೆ ಕುಳಿತು ಕನ್ನಡದ ಕಥೆಯೊಂದನ್ನು ಗಟ್ಟಿಯಾಗಿ ಓದಲು ಶುರುಮಾಡಿ.